ಶುಗರ್ ಇರುವ ಯಜಮಾನರೊಂದಿಗೆ ಬೆಂಗಳೂರಿನಲ್ಲೊಂದು ದಿನ: ಊಟದ ಹೊತ್ತು ತಪ್ಪಿಸಬೇಡಿ

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಈ ಸಲ ಕೊಯ್ಲು ಮುಗಿಸಿಕೊಂಡು, ಮಾರ್ಚ್ ತಿಂಗಳ ಒಂದು ಭಾನುವಾರ ನಾನು ಮತ್ತು ನಮ್ಮ ಯಜಮಾನರು ಇಬ್ಬರೇ ಬೆಂಗಳೂರು ನೋಡಿ ಬರಬೇಕೆಂದಿದ್ದೇವೆ. ಮದುವೆ, ಆಸ್ಪತ್ರೆ ಎಂದು ಹೋಗಿ ಬಂದಿದ್ದೇವೆಯೇ ಹೊರತು ಊರು ನೋಡಲೆಂದು ಒಮ್ಮೆಯೂ ಹೋದವರಲ್ಲ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟು, ಎಂಟಿಆರ್‌ನಲ್ಲಿ ತಿಂಡಿ ತಿಂದು, ಲಾಲ್‌ಬಾಗ್, ದೊಡ್ಡ ಬಸವಣ್ಣನ ಗುಡಿ, ಕಬ್ಬನ್ ಪಾರ್ಕ್, ವಿಧಾನಸೌಧ ನೋಡಿ, ಸಂಜೆ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಿ, ರಾತ್ರಿಯ ಬಸ್ಸಿಗೆ ಹಿಂತಿರುಗುವ ಯೋಚನೆ. ಯಜಮಾನರಿಗೆ 64 ವರ್ಷ. 12 ವರ್ಷದಿಂದ ಶುಗರ್ ಇದೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿರುವ ಮಾತ್ರೆಯನ್ನು ಬೆಳಿಗ್ಗೆ ಮತ್ತು ರಾತ್ರಿ ತೆಗೆದುಕೊಳ್ಳುತ್ತಾರೆ, ಬಿ.ಪಿ.ಗೆ ಬೇರೆ ಮಾತ್ರೆ ಇದೆ. ತಿರುವಿನ ರಸ್ತೆಯಲ್ಲಿ ವಾಂತಿ ಬರುತ್ತದೆಂದು ಬಸ್ ಹತ್ತುವ ಮುಂಚೆ ಏನೂ ತಿನ್ನುವುದಿಲ್ಲ. ಹೋದ ವರ್ಷ ಮೈಸೂರಿಗೆ ಹೋಗಿದ್ದಾಗ ಮಧ್ಯಾಹ್ನ ಮೈಯೆಲ್ಲ ಬೆವೆತು, ಮಾತು ತೊದಲಿ, ಕುಸಿದು ಕುಳಿತರು. ಶುಗರ್ ಏರಿದೆ, ಸಿಹಿ ಏನೂ ಕೊಡಬೇಡಿ ಎಂದು ಜೊತೆಗಿದ್ದವರು ಹೇಳಿದರು. ಈಗ ಆ ದಿನ ಮಾತ್ರೆಯನ್ನೇ ಬಿಟ್ಟುಬಿಡಿ ಎಂದು ಒಬ್ಬರು, ಹೊರಗೆ ತಿನ್ನುವುದರಿಂದ ಒಂದು ಮಾತ್ರೆ ಹೆಚ್ಚಿಗೆ ನುಂಗಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ನನಗೂ ಮಂಡಿ ನೋವು. ಶೌಚಾಲಯದ ಚಿಂತೆಯಿಂದ ಹೊರಗೆ ಹೋದಾಗ ನೀರೇ ಕುಡಿಯುವುದಿಲ್ಲ. ನಾವು ಹೋಗಬಹುದೇ, ಆಸೆ ಬಿಡುವುದೇ?

ಉತ್ತರ: ಖಂಡಿತ ಹೋಗಿ. 12 ವರ್ಷದಿಂದ ಶುಗರ್ ಇರುವವರು ಇಡೀ ದಿನ ಊರು ಸುತ್ತಿ, ಹೋಟೆಲಿನಲ್ಲಿ ತಿಂದು, ಆರೋಗ್ಯವಾಗಿ ಮನೆಗೆ ಬರುವುದರಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ. ಆದರೆ ನಿಮ್ಮ ಪತ್ರವನ್ನು ಓದುವಾಗ ನನಗೆ ಚಿಂತೆ ಹುಟ್ಟಿಸಿದ್ದು ವಿ.ವಿ. ಪುರಂನ ಹೋಳಿಗೆಯಲ್ಲ, ಎಂಟಿಆರ್‌ನ ತುಪ್ಪದ ದೋಸೆಯೂ ಅಲ್ಲ. ಬಸ್ ಹತ್ತುವ ಮುಂಚೆ ಏನೂ ತಿನ್ನುವುದಿಲ್ಲ ಎಂದು ನಡುವೆ ಬರೆದಿದ್ದೀರಲ್ಲ, ಆ ಒಂದು ವಾಕ್ಯ.

ಮೊದಲು ಮೈಸೂರಿನ ಘಟನೆಯನ್ನೇ ನೋಡೋಣ. ನೀವು ವಿವರಿಸಿದ ರೀತಿಯಲ್ಲಿ ಹಠಾತ್ತಾಗಿ ಬೆವರುವುದು, ಮಾತು ತೊದಲುವುದು, ಕುಸಿಯುವುದು ರಕ್ತದ ಸಕ್ಕರೆ ಇಳಿದಾಗ ಕಾಣುವ ಲಕ್ಷಣಗಳು. ಏರಿದ ಸಕ್ಕರೆ ಸಾಮಾನ್ಯವಾಗಿ ಹೀಗೆ ನಿಮಿಷಗಳಲ್ಲಿ ಮನುಷ್ಯನನ್ನು ಕೆಡವುವುದಿಲ್ಲ. ಅದು ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಎಂದು ಗಂಟೆಗಳಲ್ಲಿ, ದಿನಗಳಲ್ಲಿ ತೋರಿಸಿಕೊಳ್ಳುತ್ತದೆ. ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಬೆವರು, ಕೈನಡುಕ, ಹಸಿವು, ಎದೆ ಬಡಿತ ಶುರುವಾಗುತ್ತವೆ. ಇನ್ನೂ ಇಳಿದರೆ ಮಿದುಳಿಗೆ ಸಕ್ಕರೆ ಸಾಲದೆ ಮಾತು ತೊದಲುತ್ತದೆ, ವರ್ತನೆ ಬದಲಾಗುತ್ತದೆ, ಪ್ರಜ್ಞೆಯೂ ತಪ್ಪಬಹುದು. ಅಂಥ ಹೊತ್ತಿನಲ್ಲಿ ಸಿಹಿ ಕೊಡಬೇಡಿ ಎನ್ನುವುದು ಅಪಾಯಕಾರಿ ಸಲಹೆ. ಸಂಶಯವಿದ್ದಾಗಲೂ ಸಿಹಿ ಕೊಡುವುದೇ ಸರಿ, ಏಕೆಂದರೆ ಸಕ್ಕರೆ ಮೊದಲೇ ಏರಿದ್ದರೆ ಮೂರು ಚಮಚ ಸಕ್ಕರೆಯಿಂದ ದೊಡ್ಡ ಹಾನಿಯಾಗುವುದಿಲ್ಲ. ಇಳಿದಿದ್ದು ಕೊಡದೇ ಹೋದರೆ ಜೀವಕ್ಕೇ ಸಂಚಕಾರ ಬರಬಹುದು.

ಹೀಗೇಕೆ ಆಗುತ್ತದೆ ಎಂಬುದು ಮಾತ್ರೆಯ ಸ್ವಭಾವದಲ್ಲಿದೆ. ನಿಮ್ಮ ಯಜಮಾನರ ಮಾತ್ರೆಯಲ್ಲಿ ಎರಡು ಔಷಧಿಗಳಿವೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಊಟ ತಡವಾದರೂ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಎಂದು ಕಾಯುವುದಿಲ್ಲ, ಮತ್ತು ಅದರ ಪ್ರಭಾವ ಸುಮಾರು ಒಂದು ದಿನದವರೆಗೂ ಉಳಿಯುತ್ತದೆ. ತೋಟದ ಮನೆಯಲ್ಲಿ ಇದು ತೊಂದರೆ ಕೊಡದಿರುವುದು ಅಲ್ಲಿ ಹೊತ್ತಿಗೆ ಸರಿಯಾಗಿ ಅಕ್ಕಿ ರೊಟ್ಟಿಯೋ ಕಡಂಬುಟ್ಟೋ ಎದುರಿಗೆ ಬರುವುದರಿಂದ. ಪೇಟೆಗೆ ಹೋದ ದಿನ ಮಾತ್ರೆ ಗಡಿಯಾರ ನೋಡಿ ಹೊಟ್ಟೆ ಸೇರುತ್ತದೆ, ಊಟ ಮಾತ್ರ ಬಸ್ಸಿಗೆ, ಸಾಲಿಗೆ, ಟ್ರಾಫಿಕ್ಕಿಗೆ ಕಾಯುತ್ತಾ ಹಿಂದೆ ಬೀಳುತ್ತದೆ. ಅದರ ಮೇಲೆ ಬಿಸಿಲಿನಲ್ಲಿ ನಡಿಗೆ ಸೇರುತ್ತದೆ. ನಡೆಯುವ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಬಹಳ ನಡೆದ ದಿನ ಆ ಪರಿಣಾಮ ರಾತ್ರಿಯವರೆಗೂ ಇರುತ್ತದೆ.

ಈಗ ನಿಮ್ಮ ಶನಿವಾರ ರಾತ್ರಿಯನ್ನು ಊಹಿಸಿಕೊಳ್ಳಿ. ವಾಂತಿಯ ಭಯಕ್ಕೆ ಯಜಮಾನರು ಊಟ ಬಿಡುತ್ತಾರೆ, ರಾತ್ರಿಯ ಮಾತ್ರೆಯನ್ನು ರೂಢಿಯಂತೆ ನುಂಗುತ್ತಾರೆ, ಬಸ್ ಹತ್ತಿ ಕುಶಾಲನಗರ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಾರೆ. ಹುಣಸೂರಿನಲ್ಲೋ ಮಂಡ್ಯದ ಬಳಿಯೋ ಸಕ್ಕರೆ ಇಳಿದರೆ ದೀಪ ಆರಿಸಿದ ಬಸ್ಸಿನಲ್ಲಿ ಪಕ್ಕದಲ್ಲಿ ನಿದ್ರಿಸುತ್ತಿರುವ ನಿಮಗೂ ತಿಳಿಯುವುದಿಲ್ಲ. ನಿಮ್ಮ ಇಡೀ ಪ್ರವಾಸದಲ್ಲಿ ನಾನು ಅತ್ಯಂತ ಹೆದರುವ ಹೊತ್ತು ಇದೇ.

ಹೊಟ್ಟೆ ಖಾಲಿ ಇದ್ದರೆ ವಾಂತಿ ಬರುವುದಿಲ್ಲ ಎಂಬುದು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿಯ ನಂಬಿಕೆ. ರೈಲು ಇಲ್ಲದ ಕೊಡಗಿನಲ್ಲಿ ಎಲ್ಲಿಗೆ ಹೋಗಬೇಕಾದರೂ ತಿರುವು ರಸ್ತೆಯನ್ನೇ ಹಿಡಿಯಬೇಕಾದ್ದರಿಂದ ಇದು ಮನೆಮನೆಯ ರೂಢಿಯೂ ಆಗಿಬಿಟ್ಟಿದೆ. ಆದರೆ ಪ್ರಯಾಣದ ವಾಂತಿಯ ಮೂಲ ಹೊಟ್ಟೆಯಲ್ಲಿಲ್ಲ. ಒಳಕಿವಿ ಚಲನೆಯನ್ನು ಅನುಭವಿಸುತ್ತಿರುವಾಗ ಕಣ್ಣು ಬಸ್ಸಿನ ಸೀಟನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಮಿದುಳಿಗೆ ಎರಡು ವಿರುದ್ಧ ಸುದ್ದಿಗಳು ತಲುಪುತ್ತವೆ. ಅದರಿಂದ ಹೊಟ್ಟೆ ತೊಳೆಸುತ್ತದೆ. ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಕರಿದದ್ದೂ ಎಣ್ಣೆಯೂ ಇಲ್ಲದ ಹಗುರವಾದ ಊಟ ಮಾಡಲಿ. ಎರಡು ಇಡ್ಲಿಯೋ ಒಂದು ರೊಟ್ಟಿಯೋ ಸಾಕು. ಮುಂಭಾಗದ ಸೀಟು ಹಿಡಿದು, ಎಚ್ಚರವಿರುವಷ್ಟು ಹೊತ್ತು ದೂರದ ರಸ್ತೆಯನ್ನು ನೋಡಲಿ. ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಂಡರೆ ತೊಂದರೆಯಿಲ್ಲ, ಕೆಲವರಿಗೆ ಅದು ಅನುಕೂಲವೇ. ಅಂಗಡಿಯಲ್ಲಿ ಕೇಳಿ ಪಡೆಯುವ ವಾಂತಿ ಮಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪ್ರೊಮೆಥಾಜಿನ್‌ನಂಥವು ಬಹಳ ಮಂಪರು ತರುತ್ತವೆ, ಪ್ರಾಸ್ಟೇಟ್ ಊದಿರುವ ಗಂಡಸರಲ್ಲಿ ಮೂತ್ರ ಕಟ್ಟಿಸಬಹುದು, ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಇದ್ದರೆ ಕಣ್ಣಿಗೂ ಒಳ್ಳೆಯದಲ್ಲ. 64ರ ವಯಸ್ಸಿನಲ್ಲಿ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ನಿಮಗೆ ಸಿಕ್ಕಿರುವ ಎರಡು ಸಲಹೆಗಳಲ್ಲಿ ಒಂದು ಮಾತ್ರೆ ಹೆಚ್ಚು ನುಂಗುವುದನ್ನು ಪೂರ್ತಿ ಮರೆತುಬಿಡಿ. ಮೇಲೆ ಹೇಳಿದ ಅಪಾಯವನ್ನು ಅದು ಇಮ್ಮಡಿ ಮಾಡುತ್ತದೆ. ಇಡೀ ದಿನ ಮಾತ್ರೆ ಬಿಡುವುದು ಅಷ್ಟು ಅಪಾಯವಲ್ಲದಿದ್ದರೂ ಸರಿಯಾದ ದಾರಿಯಲ್ಲ. ಮಾರ್ಚ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 32–34 ಡಿಗ್ರಿಗೆ ಹೋಗುತ್ತದೆ. ಮಾತ್ರೆಯೂ ಇಲ್ಲದೆ ಸಿಹಿಯೂ ಸೇರಿ ಸಕ್ಕರೆ 300 ದಾಟಿದರೆ ಮೂತ್ರದಲ್ಲಿ ನೀರು ಹೊರಟುಹೋಗುತ್ತದೆ, ಬೆವರಿನಲ್ಲಿ ಇನ್ನಷ್ಟು ಹೋಗುತ್ತದೆ, ನಮ್ಮ ತಂಪಿಗೆ ಒಗ್ಗಿದ ಮೈ ಸಂಜೆಯ ಹೊತ್ತಿಗೆ ಬಳಲಿ ಬೆಂಡಾಗುತ್ತದೆ. ನಾನು ನನ್ನ ರೋಗಿಗಳಿಗೆ ಹೇಳುವ ನಿಯಮ ಒಂದೇ: ತಟ್ಟೆ ಎದುರಿಗೆ ಬಂದ ಮೇಲೆ ಮಾತ್ರೆ ಬಾಯಿಗೆ ಹೋಗಲಿ. ಗ್ಲಿಮೆಪಿರೈಡ್ ಅನ್ನು ಊಟಕ್ಕೆ ತುಸು ಮೊದಲು ಅಥವಾ ಊಟದ ಜೊತೆಗೇ ತೆಗೆದುಕೊಳ್ಳುವುದರಿಂದ ಇದರಲ್ಲಿ ತಪ್ಪೇನೂ ಇಲ್ಲ. ಊಟವೇ ಆಗಲಿಲ್ಲವೆಂದರೆ ಆ ಹೊತ್ತಿನ ಮಾತ್ರೆಯೂ ಬೇಡ, ಮುಂದಿನ ಊಟಕ್ಕೆ ಎರಡು ಸೇರಿಸಿ ನುಂಗುವುದೂ ಬೇಡ.

ಇದಕ್ಕಿಂತ ಮುಂದುವರಿದ ಆಯ್ಕೆಗಳೂ ಇವೆ. ಹೊರಡುವುದಕ್ಕೆ ಎರಡು ವಾರ ಮುಂಚೆ ನಿಮ್ಮ ವೈದ್ಯರ ಬಳಿ ಹೋಗಿ, ಮೈಸೂರಿನ ಘಟನೆಯನ್ನು ಬಿಡಿಸಿ ಹೇಳಿ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಗ್ಲಿಮೆಪಿರೈಡ್‌ನ ಪರಿಣಾಮ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಪ್ರಯಾಣದ ದಿನಗಳಿಗೆ ಅದರ ಪ್ರಮಾಣವನ್ನು ಕಡಿಮೆ ಮಾಡಬಹುದೇ ಎಂದು ಕೇಳಿ. ಹಾಗೆ ಮಾಡಿದರೆ ಸಕ್ಕರೆ ತುಸು ಏರಬಹುದು, ಅದು ಸಹಿಸಬಹುದಾದ ಏರಿಕೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್‌ನಂತಹ, ಸಕ್ಕರೆಯನ್ನು ತೀರಾ ಇಳಿಸದ ಔಷಧಿಗೆ ಬದಲಿಸುವ ದಾರಿಯೂ ಇದೆ. ಒಮ್ಮೆ ಕುಸಿದವರಲ್ಲಿ ನಾನು ಆ ಬದಲಾವಣೆಯ ಕಡೆಗೇ ವಾಲುತ್ತೇನೆ, ಆದರೆ ಹೊಸ ಔಷಧಿ ಮೈಗೆ ಹೇಗೆ ಒಗ್ಗುತ್ತದೆಂದು ನೋಡಲು ಕೆಲವು ವಾರಗಳು ಬೇಕು. ಹೊರಡುವ ಹಿಂದಿನ ದಿನ ಬದಲಿಸಬಾರದು. ಬಿ.ಪಿ. ಮಾತ್ರೆಯ ಹೆಸರನ್ನೂ ತೋರಿಸಿ. ಅದು ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ಆಗಿದ್ದರೆ ಸಕ್ಕರೆ ಇಳಿದಾಗಿನ ಎದೆ ಬಡಿತ, ನಡುಕ ಮರೆಯಾಗಿ ಬೆವರು ಮಾತ್ರ ಉಳಿಯುತ್ತದೆ. ಬಿಸಿಲಿನ ಊರಿನಲ್ಲಿ ಆ ಬೆವರನ್ನು ಸೆಕೆ ಎಂದುಕೊಳ್ಳುವುದು ಬಹಳ ಸುಲಭ. ಆದ್ದರಿಂದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ಜೊತೆಗಿರಲಿ, ಅದೂ ಬ್ಯಾಗಿನ ತಳದಲ್ಲಲ್ಲ, ನಿಮ್ಮ ಕೈಚೀಲದಲ್ಲಿ.

ಪ್ರಯಾಣದ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮ ಯೋಜನೆಗಿಂತ ಸ್ವಲ್ಪ ಭಿನ್ನ. ಸಾಲಾಗಿ ಎರಡು ರಾತ್ರಿ ನಿದ್ದೆ ಕೆಟ್ಟರೆ ಅದರಿಂದಲೇ ಸಕ್ಕರೆ ಏರುಪೇರಾಗುತ್ತದೆ, ನಿಮ್ಮ ಮಂಡಿಯೂ ಊದಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ತಿಂಡಿ ತಿಂದು ಹೊರಟು, ಬಸವನಗುಡಿಯ ಕಡೆಯೋ ಗಾಂಧಿನಗರದಲ್ಲೋ ಒಂದು ರಾತ್ರಿ ತಂಗಿದರೆ ಖರ್ಚು ಹೆಚ್ಚಾದರೂ ಭಾನುವಾರ ಪೂರ್ತಿ ನಿಮ್ಮದಾಗುತ್ತದೆ. ಸ್ವಂತ ಕಾರಿದ್ದು ಯಜಮಾನರೇ ಓಡಿಸುವುದಾದರೆ ವಾಂತಿಯ ಕಾಟ ಇರುವುದಿಲ್ಲ, ಏಕೆಂದರೆ ವಾಹನ ಓಡಿಸುವವರಿಗೆ ಅದು ಬರುವುದು ಅಪರೂಪ. ಆದರೆ ಸ್ಟಿಯರಿಂಗ್ ಹಿಡಿದಾಗ ಸಕ್ಕರೆ ಇಳಿದರೆ ಇಬ್ಬರಿಗೂ ಅಪಾಯ. ಹಾಗೆ ಹೋಗುವುದಾದರೆ ಹೊರಡುವ ಮುಂಚೆ ಮತ್ತು ಎರಡು ಗಂಟೆಗೊಮ್ಮೆ ಪರೀಕ್ಷಿಸಿ, 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಸರಿಯಾದ ಮೇಲಷ್ಟೇ ಮುಂದುವರಿಯಬೇಕು. ರಾತ್ರಿ ಬಸ್ಸೇ ಎಂದಾದರೆ ಶನಿವಾರ ರಾತ್ರಿ ಊಟ ಮಾಡಿಯೇ ಹತ್ತಬೇಕು. ಬೆಳಗಿನ ಜಾವ ಇಳಿದ ಕೂಡಲೇ ಒಂದು ಬಾಳೆಹಣ್ಣು ತಿನ್ನಲಿ. ಬೆಳಗಿನ ಮಾತ್ರೆ ಆಗ ಬೇಡ, ತಿಂಡಿಯ ಜೊತೆಗೆ ಸಾಕು. ಕೆಂಗೇರಿಯಲ್ಲೇ ಇಳಿದರೆ ನೇರಳೆ ಮಾರ್ಗದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಬಹುದು. ಭಾನುವಾರ ಮೆಟ್ರೊ ಉಳಿದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ ಎಂಬುದು ನೆನಪಿರಲಿ.

ನೋಡುವ ಜಾಗಗಳನ್ನೂ ತಿನ್ನುವ ಹೊತ್ತನ್ನೂ ಸರಿಯಾಗಿ ಹೆಣೆದುಕೊಂಡರೆ ಅರ್ಧ ಚಿಕಿತ್ಸೆ ಅಲ್ಲೇ ಆಗುತ್ತದೆ. ಊಟವಾದ ಮೇಲೆ ನಿಧಾನವಾಗಿ ನಡೆದರೆ ಸಕ್ಕರೆ ಹೆಚ್ಚು ಏರುವುದಿಲ್ಲ. ಊಟಕ್ಕೆ ಮೊದಲು ಬಹಳ ನಡೆದರೆ ಇಳಿಯುವ ಭಯ. ಆದ್ದರಿಂದ ಲಾಲ್‌ಬಾಗ್‌ಗಿಂತ ತಿಂಡಿ ಮೊದಲಾಗಲಿ. 1924ರಲ್ಲಿ ಆರಂಭವಾದ ಎಂಟಿಆರ್‌ನ ಮುಂದೆ ಭಾನುವಾರ ಬೆಳಿಗ್ಗೆ ಉದ್ದನೆಯ ಸಾಲಿರುತ್ತದೆ. ಆದಷ್ಟು ಬೇಗ ಹೋಗಿ, ಕಾಯುವಾಗ ಬಿಸ್ಕತ್ತು ಕೈಯಲ್ಲಿರಲಿ. ಸಾಲಿನಲ್ಲಿ ನಿಂತಾಗಲೇ ಅವರಿಗೆ ಬೆವರು, ನಡುಕ ಕಂಡರೆ ದೋಸೆ ಬರಲಿ ಎಂದು ಕಾಯಬೇಡಿ. ತುಪ್ಪ, ಎಣ್ಣೆ ಇರುವ ತಿಂಡಿ ನಿಧಾನವಾಗಿ ಜೀರ್ಣವಾಗುವುದರಿಂದ ಆ ಹೊತ್ತಿಗೆ ಒದಗುವುದಿಲ್ಲ. ಚಾಕೊಲೇಟ್ ಕೂಡ ಅದೇ ಕಾರಣಕ್ಕೆ ಸಲ್ಲದು. ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ ಅಷ್ಟೇ ಕೊಡಿ. ಸರಿಹೋದ ಮೇಲೆ ಊಟ ಮಾಡಿಸಲೇಬೇಕು, ಏಕೆಂದರೆ ಈ ಮಾತ್ರೆಯಿಂದ ಇಳಿದ ಸಕ್ಕರೆ ಮತ್ತೆ ಇಳಿಯಬಹುದು. ಹೀಗಾಗಿದ್ದರೆ ಅದೇ ದಿನ ವೈದ್ಯರೊಬ್ಬರಿಗೆ ತೋರಿಸುವುದು ಕ್ಷೇಮ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಬಾಯಿ ಒಂದು ಕಡೆ ಸೊಟ್ಟಗಾಗಿ, ಒಂದು ಕೈ ಅಥವಾ ಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಕಾಯದೆ ಆಸ್ಪತ್ರೆಗೆ ಸೇರಿಸಿ.

ತಿಂಡಿ ಏನಿರಲಿ ಎಂಬುದಕ್ಕೆ ನಾನು ಕಟ್ಟುನಿಟ್ಟು ಮಾಡುವುದಿಲ್ಲ. ಒಂದು ರವೆ ಇಡ್ಲಿ, ಒಂದು ಮಸಾಲೆ ದೋಸೆ ತರಿಸಿ ಇಬ್ಬರೂ ಹಂಚಿಕೊಳ್ಳಿ. ರವೆ ಇಡ್ಲಿಯಲ್ಲಿ ಅಕ್ಕಿ ಇಲ್ಲವಾದ್ದರಿಂದ ಶುಗರ್‌ಗೆ ಒಳ್ಳೆಯದು ಎನ್ನುತ್ತಾರೆ, ಅದು ನಿಜವಲ್ಲ. ರವೆಯೂ ಹೆಚ್ಚುಕಡಿಮೆ ಅಷ್ಟೇ ಬೇಗ ಸಕ್ಕರೆಯಾಗುತ್ತದೆ. ನಮ್ಮ ಕಡೆಯ ಬೆಲ್ಲದ ಕಾಫಿಯ ಕುರಿತೂ ಇಂಥದೇ ನಂಬಿಕೆಯಿದೆ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯಂತೆಯೇ ಏರುತ್ತದೆ, ಫ್ಲಾಸ್ಕಿನಲ್ಲಿ ತುಂಬಿಸಿಕೊಂಡು ದಿನವಿಡೀ ಗುಟುಕರಿಸುವುದಾದರೆ ಸಿಹಿಯಿಲ್ಲದ್ದೇ ಇರಲಿ. ಆದರೆ ಒಂದು ದಿನ ಊಟದ ನಂತರ ಸಕ್ಕರೆ 220ಕ್ಕೋ 240ಕ್ಕೋ ಹೋಯಿತೆಂದು ಕಣ್ಣು, ಮೂತ್ರಪಿಂಡ ಕೆಡುವುದಿಲ್ಲ. ಆ ಹಾನಿ ವರ್ಷಗಟ್ಟಲೆ ಏರಿಯೇ ಇರುವ ಸಕ್ಕರೆಯಿಂದ ಆಗುವಂಥದ್ದು. ನೀವು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ, ಒಂದು ಭಾನುವಾರ ಅದರಲ್ಲಿ ಕಾಣುವುದೂ ಇಲ್ಲ.

ತಿಂಡಿಯ ನಂತರ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಈ 240 ಎಕರೆ ತೋಟವನ್ನು ಪೂರ್ತಿ ಸುತ್ತುವ ಹಟ ಬೇಡ; ಗಾಜಿನ ಮನೆ, ಹಳೆಯ ಮರಗಳ ಸಾಲು, ಕೆರೆಯ ದಂಡೆ ಸಾಕು. ಬಂಡೆಯ ಮೇಲಿನ ಕೆಂಪೇಗೌಡ ಗೋಪುರಕ್ಕೆ ಹತ್ತುವುದಾದರೆ ಒಂಬತ್ತು ಗಂಟೆಗೆ ಮೊದಲೇ ಹತ್ತಿ, ಆಮೇಲೆ ಬಂಡೆ ಕಾಯುತ್ತದೆ. ನಿಮ್ಮ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗುವುದರಿಂದ ಕೆಳಗೆ ಕುಳಿತಿರುವುದೂ ಒಳ್ಳೆಯ ಆಯ್ಕೆಯೇ.

ದೊಡ್ಡ ಬಸವಣ್ಣನ ಗುಡಿಯನ್ನು ದಯವಿಟ್ಟು ಸಂಜೆಗೆ ಇಟ್ಟುಕೊಳ್ಳಿ. ಶುಗರ್ ಹಳೆಯದಾದ ಹಲವರಲ್ಲಿ ಪಾದದ ನರಗಳು ಮಂದವಾಗಿರುತ್ತವೆ. ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವಾಗ ಉರಿ ತಿಳಿಯುವುದೇ ಇಲ್ಲ, ಮರುದಿನ ಅಂಗಾಲಿನಲ್ಲಿ ನಾಣ್ಯದಗಲದ ನೀರುಗುಳ್ಳೆ ಎದ್ದಿರುತ್ತದೆ. ಬೇಸಿಗೆಯಲ್ಲಿ ತೀರ್ಥಯಾತ್ರೆ ಮುಗಿಸಿ ಬಂದವರ ಪಾದದಲ್ಲಿ ಇಂಥ ಗುಳ್ಳೆಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅವರಲ್ಲಿ ಒಬ್ಬರಿಗೂ ಸುಟ್ಟಿದ್ದು ಗೊತ್ತಾಗಿರಲಿಲ್ಲ. ಸಂಜೆ ಐದರ ಮೇಲೆ, ದಪ್ಪನೆಯ ಕಾಲುಚೀಲ ಹಾಕಿಕೊಂಡು ಹೋಗಲಿ. ಪ್ರವಾಸಕ್ಕೆಂದು ಹೊಸ ಶೂ ಕೊಂಡಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹಳೆಯದನ್ನು ಹಾಕಲಿ, ರಾತ್ರಿ ಬಸ್ ಹತ್ತುವ ಮುಂಚೆ ಎರಡೂ ಅಂಗಾಲುಗಳನ್ನು, ಬೆರಳಿನ ಸಂದುಗಳನ್ನು ನೀವೇ ಬೆಳಕಿನಲ್ಲಿ ನೋಡಿ.

ಹಸಿವಿರಲಿ ಬಿಡಲಿ, ಮಧ್ಯಾಹ್ನ ಒಂದು ಗಂಟೆಯ ಒಳಗೆ ಊಟವಾಗಲಿ. ಆಮೇಲಿನ ಬಿಸಿಲಿಗೆ ಕಬ್ಬನ್ ಪಾರ್ಕಿನ ನೆರಳು, ಪಕ್ಕದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ ಚೆನ್ನಾಗಿ ಹೊಂದುತ್ತವೆ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲವಾದ್ದರಿಂದ ನಡೆಯುವುದೂ ನೆಮ್ಮದಿ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವನ್ನು ಎದುರಿನ ರಸ್ತೆಯಿಂದ ನೋಡಲು ಅರ್ಧ ಗಂಟೆ ಸಾಕು.

ಇನ್ನು ನಿಮ್ಮ ವಿಷಯ. ಇಡೀ ದಿನ ನೀರು ಕುಡಿಯದೆ ಮೂತ್ರ ತಡೆದಿಟ್ಟುಕೊಂಡರೆ ಉರಿಮೂತ್ರ, ಸೋಂಕು, ತಲೆಸುತ್ತು ಬರುತ್ತವೆ. ನಮ್ಮ ಹೆಣ್ಣುಮಕ್ಕಳು ಪ್ರವಾಸದಿಂದ ಬಂದ ವಾರದಲ್ಲೇ ಈ ದೂರು ಹೊತ್ತು ಬರುವುದನ್ನು ಕಾಣುತ್ತಿರುತ್ತೇನೆ. ಮೆಟ್ರೊ ನಿಲ್ದಾಣಗಳಲ್ಲಿ, ತಿಂಡಿ ತಿನ್ನುವ ಹೋಟೆಲುಗಳಲ್ಲಿ, ವಸ್ತು ಸಂಗ್ರಹಾಲಯದಲ್ಲಿ ಶೌಚಾಲಯವಿದೆ. ಅವಸರವಾಗಲಿ ಎಂದು ಕಾಯದೆ, ಪ್ರತಿ ನಿಲ್ದಾಣದಲ್ಲೂ ಹೋಗಿ ಬನ್ನಿ, ಆಗ ಧೈರ್ಯವಾಗಿ ನೀರು ಕುಡಿಯಬಹುದು.

ವಿ.ವಿ. ಪುರಂನಲ್ಲಿ ಏನು ತಿನ್ನಬೇಕೆಂಬುದಕ್ಕೆ ಒಂದು ಸರಳ ಅಳತೆ ಇದೆ: ನಿಮ್ಮ ಕಣ್ಣೆದುರೇ ಕಾವಲಿಯಿಂದ ಇಳಿದು ಹಬೆಯಾಡುತ್ತಿರುವುದನ್ನು ತಿನ್ನಿ. ಬಿಸಿ ಹೋಳಿಗೆ, ಅಕ್ಕಿ ರೊಟ್ಟಿ, ಪಡ್ಡು ಹೊಟ್ಟೆಗೆ ಕ್ಷೇಮ. ಹೊರಗೆ ತೆರೆದಿಟ್ಟ ಕಾಯಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಪಾನಿಪುರಿಯ ನೀರು, ಮಂಜುಗಡ್ಡೆ ಹಾಕಿದ ಜ್ಯೂಸ್ ಬೇಡ. ನೀರು ಬದಲಾಯಿತು, ಹೊಟ್ಟೆ ಕೆಟ್ಟಿತು ಎನ್ನುವವರಲ್ಲಿ ಬಹುಪಾಲು ಮಂದಿಗೆ ತೊಂದರೆ ಬರುವುದು ಇಂಥವುಗಳಲ್ಲಿರುವ ರೋಗಾಣುಗಳಿಂದ. ಒಂದು ಹೋಳಿಗೆಯಲ್ಲಿ ಅರ್ಧ ಯಜಮಾನರಿಗೆ ಕೊಡಿ, ಸಂತೋಷವಾಗಿ ತಿನ್ನಲಿ. ರಾತ್ರಿಯ ಮಾತ್ರೆಯನ್ನು ಅಲ್ಲಿಯ ತಿಂಡಿಯೇ ಊಟವಾಗುವುದಾದರೆ ಆಗಲೇ ಕೊಡಿ. ವಾಂತಿಯೋ ಭೇದಿಯೋ ಶುರುವಾಗಿ ತಿಂದದ್ದು ನಿಲ್ಲದಿದ್ದರೆ ಶುಗರ್ ಮಾತ್ರೆ ಕೊಡದೆ, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ ಕದಡಿ ಗುಟುಕುಗುಟುಕಾಗಿ ಕುಡಿಸುತ್ತಾ ವೈದ್ಯರಿಗೆ ಫೋನ್ ಮಾಡಿ.

ಜ್ವರವಿದ್ದರೆ, ಕಾಲಿನಲ್ಲಿ ಹುಣ್ಣಿದ್ದರೆ, ಅಥವಾ ಆ ವಾರ ಸಕ್ಕರೆ 300ರ ಆಸುಪಾಸಿನಲ್ಲೇ ಇದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕಿ. ಭಾನುವಾರ ರಾತ್ರಿ ಬಸ್ ಹತ್ತುವ ಮುಂಚೆ ಒಮ್ಮೆ ಪರೀಕ್ಷಿಸಿ. 100ಕ್ಕಿಂತ ಕಡಿಮೆ ಇದ್ದರೆ ಬಾಳೆಹಣ್ಣು, ನಾಲ್ಕು ಬಿಸ್ಕತ್ತು ತಿನ್ನಿಸಿ, ಮೈಸೂರು ದಾಟುವಾಗ ಒಮ್ಮೆ ಎಬ್ಬಿಸಿ ಮಾತನಾಡಿಸಿ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ತುಸು ಹೆಚ್ಚು ಕಂಡರೆ ಅದನ್ನು ಸರಿದೂಗಿಸಲೆಂದು ಉಪವಾಸ ಮಾಡಿಸಬೇಡಿ, ಹಾಗಲಕಾಯಿ ರಸವೂ ಬೇಡ. ಎಂದಿನ ತಿಂಡಿಯನ್ನೂ ಅದರ ಜೊತೆಗೆ ಎಂದಿನ ಮಾತ್ರೆಯನ್ನೂ ಕೊಡಿ.